ಇಗ್ರಾ ವರದಿ ‘ಇಂಡಿಟರ್ಮಿನೇಟ್’ ಬಂದರೆ

ಅಪ್ಪನಿಗೆ ಟಿಬಿ, ನೀವು ಶಿರಸಿಯಲ್ಲಿ ರಕ್ತ ಕೊಟ್ಟಿರಿ, ಹೊರಗಿನ ಲ್ಯಾಬಿನಿಂದ ಬಂದ ಕ್ವಾಂಟಿಫೆರಾನ್ ಪ್ಲಸ್ (ಟಿಬಿ ಸೋಂಕು ಹುಡುಕುವ ಇಗ್ರಾ ಎಂಬ ರಕ್ತಪರೀಕ್ಷೆಯ ಒಂದು ಬಗೆ) ವರದಿ ‘ಇಂಡಿಟರ್ಮಿನೇಟ್’, ಅಂದರೆ ಅನಿರ್ಣೀತ. ಸುಪ್ತ ಸೋಂಕು, ಅಂದರೆ ರೋಗವಾಗದೆ ಮೈಯಲ್ಲಿ ಅಡಗಿರುವ ಟಿಬಿ ಇದೆಯಾ ಎಂದು ಕೇಳಿದ್ದೀರಿ. ಈ ವರದಿಯಿಂದ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು.

ನೀವೇ ಬರೆದ ಅಂಕಿ ನೋಡಿ: ನಿಲ್ 0.08, ಮೈಟೋಜೆನ್ 0.31. ನಿಲ್ ಎಂದರೆ ರಕ್ತಕಣಗಳನ್ನು ಕೆಣಕುವಂಥದ್ದೇನೂ ಇಲ್ಲದ ಟ್ಯೂಬು. ರಕ್ತಕಣಗಳಿಗೆ ಜೀವವಿದೆಯೇ ಎಂದು ಕೆಣಕಿ ನೋಡುವುದು ಮೈಟೋಜೆನ್ ಟ್ಯೂಬಿನ ಕೆಲಸ. ನಿಲ್ ಕಳೆದು ಕನಿಷ್ಠ 0.5 ಉಳಿಯಬೇಕು, ನಿಮ್ಮದು 0.23. ಹಾಗಾಗಿ ಟಿಬಿ ಟ್ಯೂಬುಗಳು ಪಾಸಿಟಿವ್ ಗಡಿಯಾದ 0.35 ಮುಟ್ಟದಿದ್ದರೂ ಅದು ನೆಗೆಟಿವ್ ಅಲ್ಲ.

ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದರೆ ಹೀಗಾಗಬಹುದು. ಇಲ್ಲದಿದ್ದರೆ ನನ್ನ ಅನುಮಾನ ಸಾಗಾಟದ ಮೇಲೆ. ನಾಲ್ಕೂ ಟ್ಯೂಬಿಗೆ ತಲಾ 1 ಮಿ.ಲೀ. ರಕ್ತ, ಒಳಗೋಡೆಯೆಲ್ಲ ತೋಯುವಂತೆ 10 ಸಲ ಅಲ್ಲಾಡಿಸಬೇಕು, 16 ಗಂಟೆಯೊಳಗೆ 37 ಡಿಗ್ರಿ ಇನ್‌ಕ್ಯುಬೇಟರಿಗೆ ಹೋಗಬೇಕು. ಅದಕ್ಕೆ ಮೊದಲು ಐಸ್ ತಾಗಿಸಬಾರದು. ಉಳಿದೆಲ್ಲ ಸ್ಯಾಂಪಲ್ಲಿನ ಜೊತೆ ಇದನ್ನೂ ಐಸ್ ಡಬ್ಬಿಗೆ ತುಂಬಿ ರಾತ್ರಿ ಬಸ್ಸಿಗೆ ಹಾಕಿದರೆ ಕಥೆ ಮುಗೀತು.

ಮರುಪರೀಕ್ಷೆಗೆ ಮುಂಚೆ, ಇನ್‌ಕ್ಯುಬೇಟರ್ ಊರಲ್ಲೇ ಇದೆಯಾ ಕೇಳಿ. ಪಾಸಿಟಿವ್ ಬಂದರೂ ಅದು ಸುಪ್ತವೋ ಸಕ್ರಿಯವೋ ಈ ಪರೀಕ್ಷೆಗೆ ಗೊತ್ತಾಗದು. ಎದೆಯ ಎಕ್ಸ್‌ರೇ ಬೇಕೇ ಬೇಕು. ಮನೆಯಲ್ಲಿ 5 ವರ್ಷದೊಳಗಿನ ಮಗು ಇದ್ದರೆ ಇದ್ಯಾವುದಕ್ಕೂ ಕಾಯದೆ ನಾಳೆಯೇ ಸರ್ಕಾರಿ ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಕರೆದುಕೊಂಡು ಹೋಗಿ.