ಹಕೀಮನಿಗೂ ಹುಕುಮಿಗೂ ಏನು ನಂಟು?

ಹಕೀಮನೆಂದರೆ ವೈದ್ಯ, ಹುಕುಂ ಎಂದರೆ ಅಪ್ಪಣೆ. ಇವೆರಡೂ ಅರಬ್ಬಿಯ ಒಂದೇ ಧಾತುವಿನಿಂದ ಹುಟ್ಟಿದ್ದು ಹೇಗೆ ಎಂದು ಕೇಳಿದ್ದೀರಿ. ಹಳೆಯ ನಿಘಂಟುಕಾರರನ್ನು ನಂಬುವುದಾದರೆ ಉತ್ತರ ಕುದುರೆಯ ದವಡೆಯಲ್ಲಿದೆ.

ಧಾತು, ಅಂದರೆ ಪದಗಳು ಹುಟ್ಟುವ ಮೂಲ ವ್ಯಂಜನಗಳು, ಹ-ಕ-ಮ. ಲಗಾಮಿನಲ್ಲಿ ಕುದುರೆಯ ದವಡೆಯನ್ನು ಸುತ್ತಿ ಹಿಡಿಯುವ ಭಾಗಕ್ಕೆ ‘ಹಕಮ’ ಎಂದು ಹೆಸರು. ಅರಬರು ಅದನ್ನು ಹದ ಮಾಡದ ತೊಗಲಿನ ಪಟ್ಟಿಯಿಂದಲೋ ನಾರಿನಿಂದಲೋ ಮಾಡಿಕೊಳ್ಳುತ್ತಿದ್ದರಂತೆ. ಅವರಿಗೆ ಬೇಕಾಗಿದ್ದುದು ಶೌರ್ಯ, ಸಿಂಗಾರವಲ್ಲ ಎಂದು ನಿಘಂಟುಕಾರರು ಒಂದು ಮಾತು ಸೇರಿಸುತ್ತಾರೆ. 10ನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಈ ಧಾತುವಿಗಿರುವುದು ಒಂದೇ ಅರ್ಥ, ‘ತಡೆ’ ಎಂದುಬಿಟ್ಟ. ಹುಕುಂ, ಅಂದರೆ ತೀರ್ಪು, ಅನ್ಯಾಯವನ್ನು ತಡೆಯುತ್ತದೆ. ಹಿಕ್ಮ, ಅಂದರೆ ವಿವೇಕ, ಅಜ್ಞಾನವನ್ನು ತಡೆಯುತ್ತದೆ. ಉಮಯ್ಯದ್ ಖಲೀಫರ ಕಾಲದ ಅರಬ್ಬಿ ಕವಿ ಜರೀರನ ಬೆದರಿಕೆಯೊಂದು ಇದಕ್ಕೆ ಸಾಕ್ಷಿ: ಬನೂ ಹನೀಫ ಬುಡಕಟ್ಟಿನವರೇ, ನಿಮ್ಮ ಪುಂಡರನ್ನು ಹಿಡಿದಿಟ್ಟುಕೊಳ್ಳಿ, ನನಗೆ ಸಿಟ್ಟು ಬಂದರೆ ನಿಮ್ಮ ಗತಿಯೇನೋ ಎಂದು ಭಯವಾಗುತ್ತದೆ. ‘ಹಿಡಿದಿಟ್ಟುಕೊಳ್ಳಿ’ ಎನ್ನಲು ಅವನು ಬಳಸಿದ ಕ್ರಿಯಾಪದ ಇದೇ ಹ-ಕ-ಮದ್ದು. ನಾಲಿಗೆಗೆ ಕಡಿವಾಣ ಹಾಕು ಎನ್ನುವಾಗ ನಾವೂ ಕುದುರೆಯನ್ನೇ ನೆನೆಯುತ್ತೇವಲ್ಲ.

ಹಕೀಮ ಮೊದಲಿಗೆ ವಿವೇಕಿ, ಜ್ಞಾನಿ. ತತ್ವಶಾಸ್ತ್ರವೂ ವೈದ್ಯವೂ ಒಬ್ಬನ ಕೈಯಲ್ಲೇ ಇರುತ್ತಿದ್ದ ಕಾಲದಲ್ಲಿ ಆ ಹೆಸರು ವೈದ್ಯನಿಗೆ ಅಂಟಿಕೊಂಡಿತು. ದೀರ್ಘವನ್ನು ಮೊದಲ ಅಕ್ಷರಕ್ಕೆ ಕೊಟ್ಟು ‘ಹಾಕಿಂ’ ಎಂದಿರೋ, ಅವನು ಆಳುವವನು. ದೀರ್ಘವೇ ಇಲ್ಲದ ‘ಹಕಮ್’ ಪಂಚಾಯಿತಿಗೆ ಕುಳಿತ ಮಧ್ಯಸ್ಥ. ಇಂದಿನ ಅರಬ್ಬಿಯಲ್ಲಿ ಫುಟ್‌ಬಾಲ್ ರೆಫರಿಯೂ ಅವನೇ.

ಅರಬ್ಬಿ ಕಲಿಯತೊಡಗಿದ ಹೊಸತರಲ್ಲಿ ನ್ಯಾಯಾಲಯ ಎಂಬರ್ಥದ ‘ಮಹ್ಕಮ’ವನ್ನು ನಿಘಂಟಿನ ಮಕಾರದಲ್ಲಿ ಹುಡುಕಿ ಹುಡುಕಿ, ಪುಟವೇ ಹರಿದುಹೋಗಿರಬೇಕು ಎಂದುಕೊಂಡಿದ್ದೆ. ಅರಬ್ಬಿ ನಿಘಂಟಿನಲ್ಲಿ ಪದಗಳನ್ನು ಧಾತುವಿನಡಿ ಹುಡುಕಬೇಕು; ಆ ‘ಮ’ ಧಾತುವಿಗೆ ಸೇರಿದ್ದಲ್ಲ, ಸ್ಥಳ ಸೂಚಿಸಲು ಮುಂದೆ ಹಚ್ಚಿದ್ದು. ಹಕಾರಕ್ಕೆ ಹೋದರೆ ಇಡೀ ಸಂಸಾರ ಒಂದೇ ಕಡೆ ಕುಳಿತಿತ್ತು.

ಆದರೂ ಇಬ್ನ್ ಫಾರಿಸನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೋದರ ಭಾಷೆಯಾದ ಹೀಬ್ರೂವಿನಲ್ಲಿ ‘ಹೊಖ್ಮಾ’ ಎಂದರೆ ವಿವೇಕ. ಅಲ್ಲಿ ಲಗಾಮಿನ ಸುಳಿವಿಲ್ಲ. ವಿವೇಕವೇ ಹಳೆಯ ಅರ್ಥವಾಗಿದ್ದು, ಎಲ್ಲವನ್ನೂ ತಂದು ಕುದುರೆಗೆ ಕಟ್ಟಿದ್ದು ನಿಘಂಟುಕಾರರ ಜಾಣತನವಿರಬಹುದು.

ಇನ್ನು ನಮ್ಮ ‘ಬಗರ್ ಹುಕುಂ’. ಫಾರಸಿ, ಉರ್ದು ದಾಟಿ ಬಂದ ಈ ಜೋಡಿಯಲ್ಲಿ ‘ಬಗೈರ್’ ಕೂಡ ಅರಬ್ಬಿ ಮೂಲದ್ದೇ, ‘ಇಲ್ಲದೆ’ ಎಂದು ಅರ್ಥ. ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರು ಸಕ್ರಮಕ್ಕಾಗಿ ನಮೂನೆ 57ರಲ್ಲಿ ಅರ್ಜಿ ಕೊಟ್ಟಿದ್ದರಲ್ಲ, ಆ ಹುಕುಂ ಇದೇ. ಆ ‘ಅರ್ಜಿ’ಯೂ ಅರಬ್ಬಿಯೇ, ಧಾತು ಮಾತ್ರ ಬೇರೆ, ಬೇಕಿದ್ದರೆ ಅದನ್ನು ಇನ್ನೊಂದು ಪ್ರಶ್ನೆಯಾಗಿ ಕೇಳಿ.