ಹೊಳೆಯುವ ಮ್ಯಾಗ್ನೆಟ್, ಕಪ್ಪು ಮ್ಯಾಗ್ನೆಟ್

ಪ್ರಶ್ನೆ: ಹಂಪನಕಟ್ಟೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹಾಳಾದ ಹಾರ್ಡ್ ಡಿಸ್ಕ್ ಬಿಚ್ಚಿದರೆ ಎರಡು ಬಗೆಯ ಮ್ಯಾಗ್ನೆಟ್ ಸಿಗುತ್ತವೆ. ಹೊಳೆಯುವುದು ಬೆರಳು ಚಿವುಟುವಷ್ಟು ಜೋರು. ಮೋಟಾರಿನೊಳಗಿನ ಕಪ್ಪು ಬಳೆ ಸಪ್ಪೆ. ಎರಡೂ ನಿಯೋಡಿಮಿಯಂ ಅಂತಾರೆ. ಹರಳು ನ್ಯಾನೋ ಆದಷ್ಟೂ ಬಲ ಜಾಸ್ತಿ ಅಂತ ಕೇಳಿದ್ದೆ, ನಿಜವಾ ಸರ್?
– ಓದುಗರು, ಮಂಗಳೂರು

ಉತ್ತರ: ಎರಡೂ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಒಂದೇ ವಸ್ತು. ಮಾಡುವ ದಾರಿ ಬೇರೆ. 1983ರಲ್ಲಿ ಜಪಾನಿನ ಮಸಾಟೊ ಸಗಾವ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಈ ಮ್ಯಾಗ್ನೆಟ್ ಪ್ರಕಟಿಸಿದರು. ಆ ಎರಡೂ ದಾರಿ ನಿಮ್ಮ ಮೇಜಿನ ಮೇಲೇ ಇವೆ!

ಹೊಳೆಯುವುದು ಸಗಾವ ಅವರ ದಾರಿಯದು. ಪುಡಿಯ ಹರಳುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿ, ಒತ್ತಿ, ಸುಡುತ್ತಾರೆ. ಹರಳು ಕೆಲವು ಮೈಕ್ರೋಮೀಟರ್ ದೊಡ್ಡದು. ಕ್ರೋಟ್ ದಾರಿಯಲ್ಲಿ ಕರಗಿದ ಲೋಹವನ್ನು ತಿರುಗುವ ತಾಮ್ರದ ಚಕ್ರದ ಮೇಲೆ ಚಿಮ್ಮಿಸುತ್ತಾರೆ. ಅದು ಎಷ್ಟು ಬೇಗ ತಣಿಯುತ್ತದೆಂದರೆ, ಹರಳಿಗೆ ಬೆಳೆಯಲು ಸಮಯವೇ ಇಲ್ಲ. ಸುಮಾರು 30ರಿಂದ 50 ನ್ಯಾನೋಮೀಟರಿಗೇ ನಿಲ್ಲುತ್ತದೆ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರೋಮೀಟರ್). ಅದನ್ನು ಪುಡಿಮಾಡಿ, ರಾಳ ಬೆರೆಸಿ, ಬಳೆ ಒತ್ತುತ್ತಾರೆ. ಹರಳುಗಳು ಮನಸ್ಸಿಗೆ ಬಂದ ಕಡೆ ಮುಖ ಮಾಡಿರುತ್ತವೆ, ರಾಳವೂ ಜಾಗ ತಿನ್ನುತ್ತದೆ. ಕಪ್ಪು ಬಳೆ ಸಪ್ಪೆಯಾಗಿರುವುದು ಇದಕ್ಕೇ.

ಹಾಗಾದರೆ ಸಣ್ಣ ಹರಳಿನಿಂದ ಲಾಭ ಏನು? ಹಠ. ಬಲ ಬೇರೆ, ಹಠ ಬೇರೆ. ಹಠ ಅಂದರೆ ತನ್ನ ಕಾಂತತೆಯನ್ನು ಬಿಟ್ಟುಕೊಡದಿರುವುದು. ಎದುರು ಕಾಂತಕ್ಷೇತ್ರ ಬಂದಾಗ ದೊಡ್ಡ ಹರಳಿನ ಒಂದು ಮೂಲೆಯ ಕಾಂತ ದಿಕ್ಕು ತಿರುಗಿದರೆ ಸಾಕು, ಹುಣಿ ಇಲ್ಲದ ಗದ್ದೆಗೆ ನೀರು ನುಗ್ಗಿದ ಹಾಗೆ ಇಡೀ ಹರಳಿನದೂ ತಿರುಗಿಬಿಡುತ್ತದೆ. ಹರಳು ಸಣ್ಣದಾದರೆ ಹೆಜ್ಜೆಗೊಂದು ಹುಣಿ ಇದ್ದಂತೆ. ಬಿಸಿಯಲ್ಲಿ ಈ ಹಠ ಇನ್ನೂ ಮುಖ್ಯ. ಸಾದಾ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿಗಿಂತ ಮೇಲೆ ಸೋಲತೊಡಗುತ್ತದೆ. ಕಾರಿನ ಮೋಟಾರಿಗೆಂದು ಅದಕ್ಕೆ ಡಿಸ್ಪ್ರೋಸಿಯಂ ಎಂಬ ಲೋಹ ಬೆರೆಸುತ್ತಾರೆ. ಅದು ದುಬಾರಿ, ಸಿಗುವುದೂ ಕಷ್ಟ.

ನನಗೆ ತುಂಬಾ ಇಷ್ಟವಾದ ಕೆಲಸ ಇಲ್ಲಿದೆ. ನ್ಯಾನೋ ಹರಳುಗಳನ್ನು ಬಿಸಿಯಲ್ಲಿ ಒತ್ತಿ ಹಿಗ್ಗಿಸಿದರೆ ಅವೂ ಒಂದೇ ದಿಕ್ಕಿಗೆ ತಿರುಗುತ್ತವೆ. ಬಲವೂ ಬರುತ್ತದೆ, ಹಠವೂ ಉಳಿಯುತ್ತದೆ. 2016ರಲ್ಲಿ ಹೋಂಡಾ ಮತ್ತು ಡೈಡೊ ಸ್ಟೀಲ್ ಈ ದಾರಿಯಲ್ಲೇ ಡಿಸ್ಪ್ರೋಸಿಯಂ ಇಲ್ಲದ ಹೈಬ್ರಿಡ್ ಕಾರ್ ಮೋಟಾರ್ ತಂದವು.

ಇನ್ನೊಂದು ಮಾತು. ಕದ್ರಿಯ ನಮ್ಮ ಮನೆ ಕಿಟಕಿ ಸರಳಿಗೆ ಅಂಟಿಸಿದ್ದ ಹೊಳೆಯುವ ಮ್ಯಾಗ್ನೆಟ್‌ನ ಮೇಲಿನ ನಿಕ್ಕಲ್ ಲೇಪ ಸ್ವಲ್ಪ ಕಿತ್ತಿತ್ತು. ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದು ಪುಡಿಯಾಯಿತು. ಹರಳುಗಳ ನಡುವಿನ ನಿಯೋಡಿಮಿಯಂ ಪದರ ನಮ್ಮ ಉಪ್ಪುಗಾಳಿಗೆ ತಡೆಯುವುದಿಲ್ಲ. ನಿಮ್ಮದನ್ನು ಡಬ್ಬಿಯಲ್ಲಿಡಿ. ಅರದಿಂದ ಮಾತ್ರ ಉಜ್ಜಬೇಡಿ, ಅದರ ಪುಡಿ ಹೊತ್ತಿಕೊಳ್ಳುತ್ತದೆ.