ಮಳೆ ಹತ್ತಿರ ಬಂದಾಗ ಜೇನು ಕುಟುಂಬ ಪಾಲು ಮಾಡಬಹುದೇ?

ಪ್ರಶ್ನೆ: ಜನವರಿ ಕೊನೆಯಲ್ಲಿ ತೋಟದ ಮರದಲ್ಲಿ ಕೂತಿದ್ದ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪಾಲನ್ನು, ಅಂದರೆ ಗೂಡಿನಿಂದ ಬೇರೆಯಾಗಿ ಬಂದ ಗುಂಪನ್ನು, ಹಿಡಿದು ಪೆಟ್ಟಿಗೆಗೆ ಹಾಕಿದ್ದೆ. ಈಗ ಸಂಸಾರ ಕೋಣೆಯಲ್ಲಿ (ಮರಿ ಬೆಳೆಯುವ ಕೆಳಗಿನ ಕೋಣೆ) ಆರು ಫ್ರೇಮ್ ತುಂಬಿದೆ. ಒಂದು ಸಲ ತುಪ್ಪವನ್ನೂ ತೆಗೆದೆ. ಮಳೆಗೆ ಇನ್ನೂ ಮೂರು ವಾರ ಇದೆ. ಅಷ್ಟರೊಳಗೆ ಪಾಲು ಮಾಡಿ ಎರಡು ಪೆಟ್ಟಿಗೆ ಮಾಡಿಕೊಳ್ಳಬಹುದಾ ಸರ್? ಬಿಟ್ಟರೆ ತಾನಾಗಿಯೇ ಪಾಲಾಗಿ ಹೋದೀತು ಅನ್ನೋ ಭಯವೂ ಇದೆ.
– ಓದುಗರೊಬ್ಬರು, ಸಿದ್ದಾಪುರ (ಉತ್ತರ ಕನ್ನಡ)

ಉತ್ತರ: ಈಗ ಬೇಡ. ನಾಲ್ಕು ತಿಂಗಳೊಳಗೆ ಆರು ಫ್ರೇಮ್ ತುಂಬಿದೆ ಅಂದರೆ ರಾಣಿ ಚೆನ್ನಾಗಿದೆ, ನೀವೂ ಚೆನ್ನಾಗಿ ನೋಡಿಕೊಂಡಿದ್ದೀರಿ. ಆದರೆ ಪಾಲು ಮಾಡುವವರು ಇವತ್ತಿನ ಫ್ರೇಮ್ ಎಣಿಸಿದರೆ ಸಾಲದು. ಮುಂದಿನ ಒಂದೂವರೆ ತಿಂಗಳು ಬಿಸಿಲು, ಹೂವು ಎಷ್ಟಿರುತ್ತದೆ ಅಂತ ನೋಡಬೇಕು.

ಲೆಕ್ಕ ಹಾಕಿ. ಮೇ 15ಕ್ಕೆ ಪಾಲು ಮಾಡಿದಿರಿ ಅಂದುಕೊಳ್ಳೋಣ. ರಾಣಿ ಇಲ್ಲದ ಭಾಗದ ನೊಣಗಳು ಎಳೆ ಮರಿಹುಳು ಆರಿಸಿ ರಾಣಿ ಕೋಶ ಕಟ್ಟುತ್ತವೆ. ಹೊಸ ರಾಣಿ ಹೊರಬರಲು 12–13 ದಿನ ಬೇಕು. ಮೈ ಗಟ್ಟಿಯಾಗಿ ಅದು ಕೂಡಲು ಹಾರುವ ಹೊತ್ತಿಗೆ ಇನ್ನೊಂದು ವಾರ. ಅಲ್ಲಿಗೆ ಜೂನ್ ಮೊದಲ ವಾರ ಬಂತು. ನಿಮ್ಮ ಕಡೆ ಮಳೆ ಹಿಡಿಯುವುದೂ ಆಗಲೇ ಅಲ್ವಾ? ರಾಣಿ ಗೂಡಿನೊಳಗೆ ಕೂಡುವುದಿಲ್ಲ. ಹೊರಗೆ ಹಾರುತ್ತಲೇ ಹಲವು ಗಂಡು ನೊಣಗಳ ಜೊತೆ ಕೂಡಬೇಕು. ಅದಕ್ಕೆ ಬಿಸಿಲಿನ ಮಧ್ಯಾಹ್ನ ಬೇಕು, ಸುತ್ತಮುತ್ತ ಬಲಿತ ಗಂಡುಗಳೂ ಬೇಕು. ಆ ಹೊತ್ತಿಗೆ ಎರಡೂ ಇರುವುದಿಲ್ಲ. ಕೂಡಲಾಗದೆ ವಾರಗಟ್ಟಲೆ ಒಳಗೇ ಉಳಿದ ರಾಣಿ ಮುಂದೆ ಗಂಡು ಮೊಟ್ಟೆಯನ್ನಷ್ಟೇ ಇಡುತ್ತದೆ.

ಒಂದು ವೇಳೆ ರಾಣಿ ಕೂಡಿ ಬಂತು ಅಂತಲೇ ಇಟ್ಟುಕೊಳ್ಳಿ. ಅದು ಮೊಟ್ಟೆಯಿಟ್ಟು ಮೊದಲ ಕೆಲಸಗಾರ ನೊಣ ಹುಟ್ಟಲು ಮತ್ತೆ ಸುಮಾರು 20 ದಿನ. ಪಾಲು ಮಾಡಿದಾಗ ಎರಿಯಲ್ಲಿ (ಫ್ರೇಮಿಗೆ ಕಟ್ಟಿದ ಮೇಣದ ಹಲ್ಲೆ) ಇದ್ದ ಮರಿಗಳೆಲ್ಲ ಅದಕ್ಕೆ ಎಷ್ಟೋ ದಿನ ಮೊದಲೇ ನೊಣವಾಗಿ ಹೊರಬಂದಿರುತ್ತವೆ. ಹೀಗೆ ಮೂರು ವಾರದಷ್ಟು ಕಾಲ ಹೊಸ ನೊಣವೇ ಇಲ್ಲ. ಹಳೆಯವು ಸಾಯುತ್ತಾ ಹೋಗುತ್ತವೆ, ಹೊರಗೆ ಜಡಿಮಳೆ. ಎರಿಯನ್ನು ಮುಚ್ಚಿ ಕೂರುವಷ್ಟು ನೊಣ ಇಲ್ಲದಾಗ ಮೇಣದ ಪತಂಗ ನುಗ್ಗುತ್ತದೆ. ಕೊನೆಗೆ ಒಂದು ದಿನ ಗೂಡು ಖಾಲಿ. ತುಡುವೆ ಹಸಿವು ಸಹಿಸಿಕೊಂಡು ಕೂರುವ ಜಾತಿಯಲ್ಲ, ಎದ್ದು ಹೋಗಿಬಿಡುತ್ತದೆ.

ಇನ್ನು ಪಾಲಾಗಿ ಹೋಗುವ ಭಯ. ಮಕರಂದ ಇಳಿಯುವ ಕಾಲದಲ್ಲಿ ಆ ಹುಮ್ಮಸ್ಸೂ ಇಳಿಯುತ್ತದೆ. ಆದರೂ ಎರಿಯ ಕೆಳ ಅಂಚು ನೋಡಿ. ಅಲ್ಲಿ ಸಾಲಾಗಿ ರಾಣಿ ಕೋಶ ಇದ್ದರೆ ತೆಗೆಯಿರಿ. ಎರಿಯ ನಡುವೆ ಒಂದೋ ಎರಡೋ ಕಂಡರೆ ಮುಟ್ಟಬೇಡಿ, ಅವು ಹಳೇ ರಾಣಿಯನ್ನು ಬದಲಿಸುತ್ತಿರಬಹುದು.

ಈಗ ಮಾಡಬೇಕಾದ ಕೆಲಸ ಬೇರೆ ಇದೆ. ಸಂಸಾರ ಕೋಣೆಯ ತುಪ್ಪಕ್ಕೆ ಕೈ ಹಾಕಬೇಡಿ. ತುಪ್ಪ ತುಂಬುವ ಮೇಲಿನ ಜೇನು ಕೋಣೆ ಖಾಲಿ ಇದ್ದರೆ ತೆಗೆದಿಡಿ, ನೊಣ ಕೂರದ ಎರಿಯನ್ನೂ ತೆಗೆಯಿರಿ. ಮಳೆಗಾಲದಲ್ಲಿ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಲ್ಲಿ ಕರಗಿಸಿ, ಸಂಜೆ ಹೊತ್ತು, ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಒಂದು ಹನಿಯೂ ಚೆಲ್ಲಬಾರದು, ಬೇರೆ ಗೂಡಿನ ನೊಣಗಳು ಕದಿಯಲು ಬರುತ್ತವೆ. ತುಡುವೆ ಹಳೇ ಎರಿಯನ್ನು ಕಡಿದು ಪುಡಿ ಉದುರಿಸುವ ಜಾತಿ. ಪತಂಗದ ಹುಳು ಬೆಳೆಯುವುದು ಆ ಪುಡಿಯಲ್ಲೇ. ಹಾಗಾಗಿ ವಾರಕ್ಕೊಮ್ಮೆಯಾದರೂ ಅಡಿಹಲಗೆ ಒರೆಸಿ.

ಪಾಲು ಮಾಡುವ ಕಾಲವನ್ನು ಜೇನೇ ಹೇಳುತ್ತದೆ. ಮಳೆ ಬಿಟ್ಟು ಪರಾಗ ಬರತೊಡಗಿದ ಮೇಲೆ, ನವೆಂಬರ್ ಹೊತ್ತಿಗೆ, ಅಡಿಹಲಗೆಯ ಮೇಲೆ ಸಣ್ಣ ಸಣ್ಣ ದುಂಡನೆಯ ಮೇಣದ ಮುಚ್ಚಳ ಬಿದ್ದಿರುತ್ತವೆ. ಎರಿಯಲ್ಲಿ ನೋಡಿದರೆ ಗಂಡು ಮರಿಯ ಕೋಣೆಗಳು ಉಬ್ಬಿ, ಪ್ರತಿಯೊಂದರ ತುದಿಯಲ್ಲೂ ಸೂಜಿ ಚುಚ್ಚಿದಂಥ ತೂತು ಇರುತ್ತದೆ. ಗಂಡುಗಳು ತಯಾರಾಗುತ್ತಿವೆ ಅಂತ ಅರ್ಥ. ಆಮೇಲೆ ರಾಣಿ ಕೋಶ ಕಾಣಿಸುತ್ತದೆ. ಕೋಶದ ತುದಿಯ ಮೇಣವನ್ನು ನೊಣಗಳು ಕೆರೆದು ತೆಗೆದು ಕಂದು ಬಣ್ಣ ಕಂಡರೆ ಒಂದೆರಡು ದಿನದಲ್ಲಿ ರಾಣಿ ಹೊರಬರುತ್ತದೆ. ಹಳೇ ರಾಣಿಯನ್ನು ಅರ್ಧ ಫ್ರೇಮ್‌ಗಳ ಜೊತೆ ಹೊಸ ಪೆಟ್ಟಿಗೆಗೆ ಹಾಕಿ, ಇಂಥ ಕೋಶ ಇರುವ ಎರಿಯನ್ನು ಹಳೇ ಪೆಟ್ಟಿಗೆಯಲ್ಲೇ ಬಿಡಿ. ಹೊಸ ರಾಣಿಗಾಗಿ ಕಾಯುವ ಹತ್ತು ಹನ್ನೆರಡು ದಿನ ಇದರಲ್ಲೇ ಉಳಿತಾಯವಾಯಿತು.

ಪ್ರಶ್ನೆ: ನಾನು ಏಪ್ರಿಲ್‌ನಲ್ಲೇ ಪಾಲು ಮಾಡಿದ್ದೇನೆ. ಒಂದರಲ್ಲಿ ರಾಣಿ ಕಾಣುತ್ತಿಲ್ಲ, ಆದರೆ ಎರಿಯ ಒಂದೊಂದು ಪುಟ್ಟ ಕೋಣೆಯಲ್ಲಿ ಎರಡು ಮೂರು ಮೊಟ್ಟೆ ಇವೆ. ಕಾಯಲಾ?
– ಓದುಗರೊಬ್ಬರು, ಸುಳ್ಯ

ಉತ್ತರ: ಕಾದು ಪ್ರಯೋಜನವಿಲ್ಲ. ಅವು ಕೆಲಸಗಾರ ನೊಣಗಳೇ ಇಟ್ಟ ಮೊಟ್ಟೆ, ಗಂಡು ಮಾತ್ರ ಹುಟ್ಟುತ್ತವೆ. ಗಟ್ಟಿ ರಾಣಿ ಇರುವ ಪೆಟ್ಟಿಗೆಗೆ ಇದನ್ನು ಸೇರಿಸಿಬಿಡಿ. ಮೊದಲು ಮರಿಗಳನ್ನು ನೋಡಿ. ಮುಚ್ಚಳ ಹಾಕುವ ಹಂತದ ಮರಿ ತಲೆ ಎತ್ತಿ ಸತ್ತು, ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಶುರುವಿನಲ್ಲಿ ದಕ್ಷಿಣದ ತುಡುವೆಯನ್ನು ಬಹುಪಾಲು ಮುಗಿಸಿದ ರೋಗ ಇದೇ. ಹಾಗಿದ್ದರೆ ಸೇರಿಸಲೇಬೇಡಿ. ರೋಗ ಇಲ್ಲದಿದ್ದರೆ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿಯಂತೆ ಹತ್ತಿರ ತನ್ನಿ. ಒಂದೇ ಸಲ ಎತ್ತಿಟ್ಟರೆ ಮೇಯಲು ಹೋದವು ಹಳೇ ಜಾಗಕ್ಕೇ ಮರಳುತ್ತವೆ. ಆ ಕೆಟ್ಟ ಮೊಟ್ಟೆಗಳಿರುವ ಎರಿ ತೆಗೆದುಹಾಕಿ. ಸಂಜೆ ಗಟ್ಟಿ ಕುಟುಂಬದ ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸಿ, ಮೊಳೆಯಿಂದ ನಾಲ್ಕಾರು ತೂತು ಮಾಡಿ, ಅದರ ಮೇಲೆ ಈ ಕೋಣೆ ಇಡಿ. ನೊಣಗಳೇ ಕಾಗದ ಕಡಿದು ಎರಡು ಮೂರು ದಿನದಲ್ಲಿ ಒಂದಾಗುತ್ತವೆ.